ಮೊದಲು ಸಿನಿಮಾ, ಆಮೇಲೆ ಡಾಕ್ಯುಮೆಂಟರಿ, ಮತ್ತೆ ಹತ್ತು ನಿಮಿಷ ಸಿನಿಮಾ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ. ಊರು ಗದಗ. ಮೂವತ್ತು ವರ್ಷ ಆಫೀಸಿನಲ್ಲಿ ಲೆಕ್ಕ ಬರೆದು ನಿವೃತ್ತಿಯಾದ ಮೇಲೆ ಒಂದು ಚಟ ಹತ್ತಿಸಿಕೊಂಡೆ. ಶನಿವಾರ ಸಂಜೆ ನಮ್ಮ ಹಾಲ್‌ನಲ್ಲಿ ಹಳೇ ಹಾಲಿವುಡ್ ಸಿನಿಮಾ ಹಾಕುವುದು. ಬರುವವರು ಎಂಟು-ಹತ್ತು ಮಂದಿ. ಹೆಚ್ಚಿನವರು ಧಾರವಾಡ, ಬಾಗಲಕೋಟೆ ಕಡೆಯವರು, ಒಬ್ಬರು ಟೀಚರ್ ಕುಂದಾಪುರದವರು. ಸಿನಿಮಾಗಳ ಜೊತೆಗೆ ದೊಡ್ಡ ನಿರ್ದೇಶಕರ ಮೇಲಿನ ಡಾಕ್ಯುಮೆಂಟರಿಗಳನ್ನೂ ಹಾಕುತ್ತೇನೆ. ಇದನ್ನು ಹೇಗೆ ಮಾಡಬೇಕು ಅಂತ ಈಚೆಗೆ ಮೂರು-ನಾಲ್ಕು ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಹಿಚ್‌ಕಾಕ್‌ನ 'ಸೈಕೋ' ತೋರಿಸುವುದಿತ್ತು. ಪೀಠಿಕೆ ಇರಲಿ ಅಂತ ಹಿಂದಿನ ವಾರ '78/52' ಹಾಕಿದೆ. 2017ರ ಡಾಕ್ಯುಮೆಂಟರಿ ಅದು. 'ಸೈಕೋ'ದ ಬಚ್ಚಲುಮನೆಯ ಕೊಲೆ ಇದೆಯಲ್ಲ, ಆ ಒಂದು ದೃಶ್ಯದ ಸುತ್ತಲೇ ಇಡೀ ಚಿತ್ರ. 78 ಅಂದರೆ ಆ ದೃಶ್ಯಕ್ಕಾಗಿ ಕ್ಯಾಮೆರಾ ಎಷ್ಟು ಸಲ ಜಾಗ ಬದಲಿಸಿತು ಅನ್ನುವ ಲೆಕ್ಕ. 52 ಅಂದರೆ ಕಟ್‌ಗಳು, ಒಂದು ಚೂರು ಮುಗಿದು ಇನ್ನೊಂದಕ್ಕೆ ಹಾರುವ ಜಾಗಗಳು. ರಕ್ತಕ್ಕೆ ಚಾಕೊಲೇಟ್ ಸಿರಪ್. ಚಾಕು ಇರಿದ ಸದ್ದಿಗೆ ಖರಬೂಜದ ಜಾತಿಯ ಹಣ್ಣು. ಎಲ್ಲರೂ ಬಾಯಿ ಬಿಟ್ಟು ನೋಡಿದರು. ನನಗೆ ಖುಷಿಯೋ ಖುಷಿ.

ಮುಂದಿನ ಶನಿವಾರ ಸಿನಿಮಾ. ಎದುರುಮನೆಯ ಕಾಲೇಜು ಹುಡುಗಿ 'ಸೈಕೋ' ನೋಡಿದ್ದು ಅದೇ ಮೊದಲು. ಬಚ್ಚಲಿನ ಪರದೆ ಸರಿಯಿತು, ಪಿಟೀಲು ಕಿರುಚಿತು, ಚಾಕು ಮೇಲೆದ್ದಿತು. ಹುಡುಗಿ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಾ, "ಕಾಕು, ಇದು ಖರಬೂಜ ಅಲ್ವಾ?" ಅಂದಳು. 1960ರಲ್ಲಿ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರುಗಳಿಗೆ ತಾಕೀತು ಮಾಡಿದ್ದ ಮನುಷ್ಯ ಹಿಚ್‌ಕಾಕ್. ಅವನು ಅಷ್ಟು ಜೋಪಾನ ಮಾಡಿದ್ದನ್ನು ನಾನು ವಾರ ಮುಂಚೆಯೇ ಪ್ರಸಾದದ ಹಾಗೆ ಹಂಚಿಬಿಟ್ಟಿದ್ದೆ.

ಅಂದಿನಿಂದ ಕ್ರಮ ಬದಲಾಯಿತು. ಮೊದಲು ಸಿನಿಮಾ. ಒಂದು ವಾರ ಬಿಟ್ಟು ಡಾಕ್ಯುಮೆಂಟರಿ. ಅದು ಮುಗಿದ ತಕ್ಷಣ, ಯಾರೂ ಚಪ್ಪಲಿ ಹಾಕಿಕೊಳ್ಳುವ ಮುಂಚೆ, ಅದೇ ಸಿನಿಮಾದ ಒಂದು ದೃಶ್ಯ ಮತ್ತೆ. ಹತ್ತು ನಿಮಿಷ ಸಾಕು. ಈ ಕೊನೆಯ ಹತ್ತು ನಿಮಿಷ ಬಿಟ್ಟರೆ ಡಾಕ್ಯುಮೆಂಟರಿ ಬರೀ ಹರಟೆಯಾಗಿ ಉಳಿಯುತ್ತದೆ.

ಇನ್ನು ಯಾವುದನ್ನು ಆರಿಸಬೇಕು? ನಾನು ಅಕ್ಕಿ ಆರಿಸಿದ ಹಾಗೆ ಮೂರು ಪಾಲು ಮಾಡುತ್ತೇನೆ. ನಿರ್ದೇಶಕನೇ ಕೂತು ಮಾತಾಡುವಂಥವು ಒಂದು. 2015ರ 'ಡಿ ಪಾಲ್ಮಾ' ಅಂಥದ್ದು. ಒಬ್ಬನೇ ಮನುಷ್ಯ, ತನ್ನ ಸಿನಿಮಾಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗುತ್ತಾನೆ. ಚೆನ್ನಾಗಿದೆ, ಆದರೆ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಬೇರೆಯವರು ಮಾತಾಡುವಂಥವು ಇನ್ನೊಂದು. ಇವೇ ಜಾಸ್ತಿ, ಇವುಗಳಲ್ಲಿ ಜೊಳ್ಳೂ ಜಾಸ್ತಿ. ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ. ಮೂರನೆಯದು, ಕೆಲಸ ನಡೆಯುತ್ತಿದ್ದಾಗಿನ ಚಿತ್ರಣವೇ ಸಿಕ್ಕಿರುವಂಥವು. ನನ್ನ ಮಾತು ಕೇಳಿದರೆ ಇಲ್ಲಿಂದಲೇ ಶುರು ಮಾಡಿ. ಇಂಗ್ಲಿಷ್ ಅರ್ಧ ತಿಳಿಯದಿದ್ದರೂ ಕಣ್ಣಿಗೆ ಕೆಲಸ ಇರುತ್ತದೆ.

ನಿರ್ದೇಶಕ ಸ್ಕಾರ್ಸೆಸಿ 1995ರಲ್ಲಿ ಅಮೆರಿಕನ್ ಸಿನಿಮಾದ ಮೇಲೆ ಮಾಡಿದ ದೊಡ್ಡ ಡಾಕ್ಯುಮೆಂಟರಿ ಇದೆ, ಹತ್ತಿರ ಹತ್ತಿರ ನಾಲ್ಕು ತಾಸು. ರತ್ನ, ಸುಳ್ಳಲ್ಲ. ಆದರೆ ಒಂದೇ ಸಂಜೆ ಪೂರ್ತಿ ಹಾಕಬೇಡಿ. ಮೂರು ಭಾಗ ಇದೆ, ಮೂರು ಶನಿವಾರ ಮಾಡಿ. ನಾನು ಒಂದೇ ಸಲ ಹಾಕಿದ್ದೆ. ಮೂರನೇ ಮಹಡಿಯ ಕಾಕಾ ಗೊರಕೆ ಹೊಡೆದರು. ಪಾಪ, ತಪ್ಪು ಅವರದಲ್ಲ.

ಟಿವಿಯ ಒಂದು ಕಿತಾಪತಿ ಮೊದಲೇ ಸರಿಮಾಡಿಕೊಳ್ಳಿ. 1953ರಲ್ಲಿ ಸಿನಿಮಾಸ್ಕೋಪ್ ಅನ್ನುವ ಅಗಲ ಪರದೆ ಬರುವವರೆಗೆ ಹಾಲಿವುಡ್ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಇವತ್ತಿನ ಟಿವಿ ಅಗಲ. ಕೆಲವು ಟಿವಿಗಳು ತಾವೇ ಜಾಣತನ ಮಾಡಿ ಚಿತ್ರವನ್ನು ಎಳೆದು ಅಗಲ ಮಾಡುತ್ತವೆ. ಆಗ ಇಂಗ್ರಿಡ್ ಬರ್ಗ್‌ಮನ್‌ನಂಥ ಚೆಲುವೆ ನಟಿ ಕೂಡ ಊದಿಕೊಂಡ ಪೂರಿ ಥರ ಕಾಣುತ್ತಾಳೆ. ಝೂಮ್ ಆದರೆ ತಲೆ ಕತ್ತರಿಸಿಹೋಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರದ ಮೂಲ ಅಳತೆ ಇಡಿ. ಎರಡು ಕಡೆ ಕಪ್ಪು ಪಟ್ಟಿ ಬಂತಾ? ಸರಿಯಾಗಿದೆ ಅಂತ ಅರ್ಥ. "ಟಿವಿ ಕೆಟ್ಟದ ಏನ್ರಿ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನಕ್ಕು ಸುಮ್ನಿರಿ. ಬ್ಲೂಟೂತ್ ಸ್ಪೀಕರ್‌ನಲ್ಲಿ ತುಟಿ ಮುಂದೆ, ಮಾತು ಹಿಂದೆ ಆಗುವುದುಂಟು. ಹಾಗಾದರೆ ವೈರ್ ಹಾಕಿ.

ಭಾಷೆಯ ವಿಷಯಕ್ಕೆ ನಾಚಿಕೆ ಬೇಡ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಒಬ್ಬರು ಕನ್ನಡದಲ್ಲಿ ಸಾರಾಂಶ ಹೇಳಲಿ. ನಮ್ಮಲ್ಲಿ ಕುಂದಾಪುರದ ಟೀಚರ್ ಹೇಳುತ್ತಾರೆ. ಮೊದಮೊದಲು ಸಂಕೋಚಪಡುತ್ತಿದ್ದರು. ಆಮೇಲೆ 'ಹಿಚ್‌ಕಾಕ್/ಟ್ರೂಫೋ' ಡಾಕ್ಯುಮೆಂಟರಿ ಹಾಕಿದೆವು. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ಟ್ರೂಫೋ ಹಾಲಿವುಡ್‌ಗೆ ಬಂದು ಹಿಚ್‌ಕಾಕ್ ಜೊತೆ ಸುಮಾರು ಒಂದು ವಾರ ಕೂತು ಅವನ ಸಿನಿಮಾಗಳ ಬಗ್ಗೆ ಕೇಳಿದ. ಟ್ರೂಫೋಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಬ್ಬರ ನಡುವೆ ಕೂತು ಇಡೀ ಮಾತುಕತೆ ದಾಟಿಸಿದವಳು ಹೆಲೆನ್ ಸ್ಕಾಟ್. ಆ ಮಾತುಕತೆಯೇ ಪುಸ್ತಕವಾಯಿತು. ಸಿನಿಮಾದ ಬಗ್ಗೆ ಜಗತ್ತು ಇವತ್ತಿಗೂ ಓದುವ ಆ ಪುಸ್ತಕ ಅನುವಾದಕಿಯ ಬಾಯಿಂದ ಬಂದದ್ದು. ಅಂದಿನಿಂದ ನಮ್ಮ ಟೀಚರ್‌ಗೆ ಹೆಲೆನ್ ಬಾಯಿ ಅಂತಲೇ ಹೆಸರು.

ಈಗ ಒಂದನ್ನು ಹತ್ತಿರದಿಂದ ನೋಡೋಣ. 'ಅನ್‌ನೋನ್ ಚಾಪ್ಲಿನ್', 1983, ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಮಾಡಿದ್ದು, ಮೂರು ಕಂತು. ಚಾಪ್ಲಿನ್ ಸಿನಿಮಾಕ್ಕೆ ಸೇರಿಸದೆ ಬಿಟ್ಟಿದ್ದ ಚೂರುಗಳು ಇವರ ಕೈಗೆ ಸಿಕ್ಕವು. ಪ್ರತಿ ಸಲ ಚಿತ್ರ ತೆಗೆಯುವ ಮುಂಚೆ ಕ್ಯಾಮೆರಾಕ್ಕೆ ಹಿಡಿಯುವ ಸ್ಲೇಟಿನ ಮೇಲಿನ ನಂಬರ್ ನೋಡಿ ಒಂದರ ಹಿಂದೆ ಒಂದು ಜೋಡಿಸಿದರು. ಆಗ ಗೊತ್ತಾದದ್ದು: ಈ ಮನುಷ್ಯ ಕಥೆಯನ್ನು ಕ್ಯಾಮೆರಾ ಮುಂದೆಯೇ ಹುಡುಕುತ್ತಿದ್ದ. 1917ರ 'ದಿ ಇಮಿಗ್ರಂಟ್' ಮೊದಲು ಶುರುವಾದದ್ದು ಹೋಟೆಲ್ಲಿನ ತಮಾಷೆಯಾಗಿ. ವಲಸೆ ಬರುವವರ ಹಡಗಿನ ಭಾಗ ಆಮೇಲೆ ಬಂತು. ನೋಡುವಾಗ ಸ್ಲೇಟಿನ ಮೇಲೆ ಕಣ್ಣಿಡಿ. ನಂಬರ್ ಏರುತ್ತಾ ಹೋಗುವುದನ್ನು ನೋಡಿದರೆ ನಿಮಗೇ ಸುಸ್ತಾಗುತ್ತದೆ.

ಎರಡನೇ ಕಂತಿನಲ್ಲಿ 'ಸಿಟಿ ಲೈಟ್ಸ್' ಬರುತ್ತದೆ. 1931ರ ಚಿತ್ರ. ಹೂ ಮಾರುವ ಕುರುಡಿ ಹುಡುಗಿ ಚಾಪ್ಲಿನ್ ಆಡುವ ಅಲೆಮಾರಿಯನ್ನು ಸಾಹುಕಾರ ಅಂದುಕೊಳ್ಳಬೇಕು. ಹೇಗೆ? ಮೂಕಿ ಸಿನಿಮಾ, ಅವಳಿಗೆ ಕಣ್ಣಿಲ್ಲ, ನಮಗೆ ಕಿವಿಯಿಲ್ಲ. ಚಾಪ್ಲಿನ್ ದಿನಗಟ್ಟಲೆ ಒದ್ದಾಡುತ್ತಾನೆ. ಹೂ ಹಿಡಿಯುವ ಕೈ ಸರಿಯಿಲ್ಲ ಅಂತ ಮತ್ತೆ, ಮತ್ತೆ. ನಾಯಕಿ ವರ್ಜೀನಿಯಾ ಚೆರಿಲ್‌ಳನ್ನೇ ಒಮ್ಮೆ ತೆಗೆದುಹಾಕಿ, ಜಾರ್ಜಿಯಾ ಹೇಲ್‌ಳನ್ನು ಹಾಕಿ ನೋಡಿ, ಕೊನೆಗೆ ಮೊದಲಿನವಳನ್ನೇ ಕರೆಸುತ್ತಾನೆ. ಕಟ್ಟಕಡೆಗೆ ಹೊಳೆದದ್ದು ಕಾರಿನ ಬಾಗಿಲು. ರಸ್ತೆ ತುಂಬ ಗಾಡಿ. ದಾಟಲಾಗದ ಅಲೆಮಾರಿ ನಿಂತ ಕಾರೊಂದರ ಒಳಗೆ ಈ ಕಡೆಯಿಂದ ಹೊಕ್ಕು ಆ ಕಡೆ ಇಳಿಯುತ್ತಾನೆ. ಬಾಗಿಲು ಹಾಕಿದ ಸದ್ದು ಕೇಳಿ ಹುಡುಗಿ ಹೂ ಚಾಚುತ್ತಾಳೆ. ಅವನು ನಾಣ್ಯ ಕೊಡುತ್ತಾನೆ, ಅವಳು ಚಿಲ್ಲರೆ ಹುಡುಕುವಷ್ಟರಲ್ಲಿ ನಿಜವಾದ ಮಾಲೀಕ ಬಂದು ಕಾರು ಹತ್ತಿ ಹೋಗುತ್ತಾನೆ. ಸಾಹುಕಾರ ಹೋದ ಅಂತ ಅವಳ ಲೆಕ್ಕ. ಇವನು ಅಲ್ಲೇ, ಉಸಿರು ಬಿಗಿಹಿಡಿದು.

ಕಂತು ಮುಗಿದ ಮೇಲೆ ಆ ದೃಶ್ಯ ಮತ್ತೆ ಹಾಕಿದೆ. ಕಾಕಾ ಕಿವಿಯ ಮಷಿನ್ ತೆಗೆದು ಟೀಪಾಯಿ ಮೇಲಿಟ್ಟು ಕೂತಿದ್ದರು. "ಬಾಗಲಾ ಹಾಕಿದ್ದು ನನಗೂ ಕೇಳಿಸ್ತ ನೋಡ," ಅಂದರು. ಡಾಕ್ಯುಮೆಂಟರಿಯಿಂದ ನನಗೆ ಬೇಕಾದದ್ದು ಇಷ್ಟೇ.

ಪರದೆಯ ಮೇಲೆ ಯಾರೇ ಏನೇ ಹೇಳಲಿ, ಒಂದು ಪ್ರಶ್ನೆ ಜೋಬಿನಲ್ಲಿರಲಿ: ಇವನು ಆಗ ಅಲ್ಲಿದ್ದನಾ? ಇದ್ದರೂ ಪೂರ್ತಿ ನಂಬಬೇಡಿ, ಸಿನಿಮಾದವರು ಕಥೆ ಹೇಳಿಯೇ ಹೊಟ್ಟೆ ಹೊರೆದವರು. ಹೇಳುವುದೇ ಇಲ್ಲ ಅನ್ನುವವರೂ ಇದ್ದಾರೆ. 1971ರ 'ಡೈರೆಕ್ಟೆಡ್ ಬೈ ಜಾನ್ ಫೋರ್ಡ್'ನಲ್ಲಿ ಅದನ್ನು ತೆಗೆದ ಬೊಗ್ಡಾನೊವಿಚ್, ಫೋರ್ಡ್ ತನ್ನ ಕೌಬಾಯ್ ಚಿತ್ರಗಳನ್ನು ತೆಗೆದ ಮಾನ್ಯುಮೆಂಟ್ ವ್ಯಾಲಿಯಲ್ಲೇ ಆ ಮುದುಕ ನಿರ್ದೇಶಕನನ್ನು ಕೂರಿಸಿ, ಅಷ್ಟು ದೊಡ್ಡ ದೃಶ್ಯ ಹೇಗೆ ತೆಗೆದಿರಿ ಅಂತ ಭಕ್ತಿಯಿಂದ ಕೇಳುತ್ತಾನೆ. ಕ್ಯಾಮೆರಾದಿಂದ, ಅನ್ನುತ್ತಾನೆ ಫೋರ್ಡ್. ಮುಗಿಯಿತು. ನಮ್ಮ ಕಡೆ ಅಡುಗೆ ಭಟ್ಟರನ್ನು ಸಾರಿನ ಗುಟ್ಟು ಕೇಳಿದರೆ ಇದೇ ಉತ್ತರ ಸಿಗುತ್ತದೆ.

ಈ ಪ್ರಶ್ನೆಗೆ ಒಳ್ಳೆಯ ಮೇವು 'ಫೈವ್ ಕೇಮ್ ಬ್ಯಾಕ್'. ನೆಟ್‌ಫ್ಲಿಕ್ಸ್‌ನವರದೇ, 2017ರದು, ಮೂರು ಕಂತು. ಎರಡನೇ ಮಹಾಯುದ್ಧಕ್ಕೆ ಕ್ಯಾಮೆರಾ ಹೊತ್ತು ಹೋದ ಐವರು ನಿರ್ದೇಶಕರ ಕಥೆ: ಫೋರ್ಡ್, ವೈಲರ್, ಕ್ಯಾಪ್ರಾ, ಹ್ಯೂಸ್ಟನ್, ಸ್ಟೀವನ್ಸ್. ಇಟಲಿಯ ಸ್ಯಾನ್ ಪಿಯೆತ್ರೋ ಕಾಳಗದ ಮೇಲೆ ಹ್ಯೂಸ್ಟನ್ ಮಾಡಿದ ಯುದ್ಧಚಿತ್ರ ಬಹುಪಾಲು ಕಾಳಗ ಮುಗಿದ ಮೇಲೆ ಮತ್ತೆ ಮಾಡಿಸಿ ತೆಗೆದದ್ದು ಅಂತ ಇದರಲ್ಲಿ ಗೊತ್ತಾಗುತ್ತದೆ. ಹಾಗಾದರೆ ಅದು ಸುಳ್ಳಾ? ನಮ್ಮ ಹಾಲ್‌ನಲ್ಲಿ ಇದರ ಮೇಲೆ ಎರಡು ಸುತ್ತು ಚಹಾ ಆಯಿತು, ಇನ್ನೂ ತೀರ್ಮಾನ ಆಗಿಲ್ಲ. ಸ್ಟೀವನ್ಸ್ ಮೊದಲು ನಗೆಚಿತ್ರ, ಕುಣಿತದ ಚಿತ್ರ ಮಾಡುತ್ತಿದ್ದವನು. ನಾಜಿಗಳ ದಾಹೌ ಯಾತನಾ ಶಿಬಿರದಲ್ಲಿ ಅವನ ತಂಡ ತೆಗೆದ ಚಿತ್ರಣ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷಿಯಾಯಿತು. ವಾಪಸ್ ಬಂದವನು ಮತ್ತೆ ನಗೆಚಿತ್ರ ಮಾಡಲಿಲ್ಲ. ಆ ಭಾಗ ಬಂದಾಗ ಮಕ್ಕಳನ್ನು ಒಳಗೆ ಕಳಿಸಿ. ವೈಲರ್ ಯುದ್ಧವಿಮಾನದಲ್ಲಿ ಚಿತ್ರ ತೆಗೆಯುತ್ತಾ ಕಿವಿ ಕೇಳಿಸದ ಹಾಗಾದ. ಇದರ ಜೊತೆ ನೋಡಬೇಕಾದ ಹತ್ತು ನಿಮಿಷ, ಅವನ 1946ರ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್'ನಲ್ಲಿದೆ. ಮನೆಗೆ ಮರಳಿದ ಸೈನಿಕ ಗುಜರಿಗೆ ಬಿದ್ದ ವಿಮಾನ ಹತ್ತಿ ಕೂರುವ ದೃಶ್ಯ.

ಒಂದು ನೋಟ್‌ಬುಕ್ ಇಡಿ. ಇದನ್ನು ನಾನು ಕಲಿತದ್ದು ಪುಣೆಯವರಿಂದಲೇ. 1964ರಲ್ಲಿ ಇಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಕತ್ತಲಲ್ಲೇ ಸಣ್ಣ ಟಾರ್ಚ್ ಹಿಡಿದು ಸಿನಿಮಾದ ಬಗ್ಗೆ ಬರೆದುಕೊಳ್ಳುತ್ತಿದ್ದರು. ಅವರ ಮೇಲೆ 2012ರಲ್ಲಿ ಬಂದ 'ಸೆಲ್ಯುಲಾಯ್ಡ್ ಮ್ಯಾನ್' ಹಾಲಿವುಡ್ ಬಗ್ಗೆ ಅಲ್ಲ, ಆದರೂ ಹಾಕಿ. ಅದರಲ್ಲಿ ನಮ್ಮ ಹೆಗ್ಗೋಡು ಬರುತ್ತದೆ. ಜಗತ್ತಿನ ದೊಡ್ಡ ಸಿನಿಮಾಗಳನ್ನು ನೋಡಿದ ಹಳ್ಳಿಯ ಜನ ಅವುಗಳ ಬಗ್ಗೆ ಮಾತಾಡುತ್ತಾರೆ. ಅಡಿಕೆ ತೋಟದ ಊರಲ್ಲಿ ಆದದ್ದು ನಮ್ಮ ಹಾಲ್‌ನಲ್ಲಿ ಯಾಕಾಗಬಾರದು? ನನ್ನ ನೋಟ್‌ಬುಕ್ಕಿನಲ್ಲಿ ಸಿನಿಮಾಕ್ಕೆ ಮೂರೇ ಸಾಲು: ಮತ್ತೆ ನೋಡಬೇಕಾದ ದೃಶ್ಯ, ಅದು ಬರುವ ನಿಮಿಷ, ಯಾರು ಏನಂದರು. ನಿಮಿಷ ಬರೆದುಕೊಳ್ಳದಿದ್ದರೆ ರಿಮೋಟ್ ಹಿಡಿದು ಹುಡುಕುವುದರಲ್ಲೇ ಎಲ್ಲರ ಉತ್ಸಾಹ ಇಳಿಯುತ್ತದೆ.

ತಿಂಡಿಗೆ ಗಿರ್ಮಿಟ್ ಬೇಡ, ಮೆತ್ತಗಾಗುವ ಮುಂಚೆ ತಿನ್ನಬೇಕು ಅಂತ ಎಲ್ಲರೂ ತಟ್ಟೆಯನ್ನೇ ನೋಡುತ್ತಾರೆ. ಶೇಂಗಾ, ಚಹಾ ಸಾಕು. ಗಣಪತಿ ಹಬ್ಬದ ಮುಂಚೆ ಇಲ್ಲಿ ಢೋಲ್-ತಾಶಾ ಪ್ರಾಕ್ಟೀಸ್ ಶುರುವಾದರೆ ಸಂಜೆ ಒಂದು ಮಾತೂ ಕೇಳಿಸುವುದಿಲ್ಲ. ಅಷ್ಟೂ ಶನಿವಾರ ಮೂಕಿ ಚಿತ್ರಗಳಿಗೆ ಎತ್ತಿಟ್ಟಿದ್ದೇನೆ. ಈ ಸಲ ಬಸ್ಟರ್ ಕೀಟನ್.