ಕುದುರೆ ಮರ ಕಚ್ಚುತ್ತಿದೆಯಾ? ಮೊದಲು ಹುಲ್ಲು ನೋಡಿ

ಮರಕ್ಕೆ ಏನು ಬಳಿದರೆ ಕುದುರೆ ಕಚ್ಚಲ್ಲ? ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನೂ ಒಂದು ಕಾಲದಲ್ಲಿ ಅದೇ ಮಾಡಿದವನು. ಸೋಪು ಉಜ್ಜಿದೆ, ಖಾರದ ಪುಡಿ ಕಲಸಿ ಬಳಿದೆ. ಎರಡು ದಿನ ಮೂತಿ ಸೊಟ್ಟ ಮಾಡಿಕೊಂಡು ದೂರ ಇದ್ದವು, ಆಮೇಲೆ ಒಂದು ಮಳೆ ಬಂದು ಎಲ್ಲ ತೊಳೆದುಹೋಯಿತು, ಮತ್ತೆ ಅದೇ ಕಥೆ. ಒಂದು ಹೆಣ್ಣುಕುದುರೆಯಂತೂ ಖಾರಕ್ಕೇ ಒಗ್ಗಿಬಿಟ್ಟಿತು. ಹಳೇ ಇಂಜಿನ್ ಆಯಿಲ್ ಬಳಿಯಿರಿ ಅಂತ ಯಾರಾದರೂ ಹೇಳಿದರೆ ಮಾತ್ರ ಖಂಡಿತ ಕೇಳಬೇಡಿ, ಅದು ಕುದುರೆಗೂ ವಿಷ, ಮರಕ್ಕೂ ಒಳ್ಳೇದಲ್ಲ.

ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲು ರಾತ್ರಿ ಒಸರುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಬಯಲಿಗೆ ಬಿಟ್ಟರೆ ದಿನದಲ್ಲಿ ಹದಿನಾಲ್ಕು ಹದಿನಾರು ಗಂಟೆ ಮೇಯುವ ಪ್ರಾಣಿ ಅದು. ನಾವು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹುಲ್ಲು ಹಾಕಿ ಕೈ ತೊಳೆದುಕೊಂಡರೆ ನಡುವಿನ ಹೊತ್ತು ಅದು ಏನು ಮಾಡಬೇಕು? ಬಾಯಿಗೆ ಸಿಕ್ಕಿದ್ದು ತೊಗಟೆ. 500 ಕೆಜಿ ತೂಕದ ಕುದುರೆಗೆ ದಿನಕ್ಕೆ 8ರಿಂದ 10 ಕೆಜಿ ಒಣಹುಲ್ಲು ಬೇಕು, ತೂಗಿ ನೋಡಿ, ಕಣ್ಣಂದಾಜು ಬೇಡ. ನಾನು ತೂಗಿ ನೋಡಿದ ದಿನ ಐದೂವರೆ ಕೆಜಿ ಬಂತು, ನಾಚಿಕೆಯಾಯಿತು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ತೂಗುಹಾಕಿದರೆ ಅಷ್ಟೇ ಹುಲ್ಲು ಜಾಸ್ತಿ ಹೊತ್ತು ಬರುತ್ತದೆ. ಆದರೆ ಗೊರಸು ಸಿಕ್ಕಿಕೊಳ್ಳದಷ್ಟು ಎತ್ತರಕ್ಕೆ ಕಟ್ಟಿ. ಉಪ್ಪಿನ ಗಟ್ಟಿ ಯಾವಾಗಲೂ ಇರಲಿ. ಜೊತೆಗೆ ಇನ್ನೊಂದು ಕುದುರೆ ಇದ್ದರೆ ಇನ್ನೂ ಒಳ್ಳೇದು, ಒಂಟಿ ಕುದುರೆಗೆ ಬೇಜಾರು ಜಾಸ್ತಿ ಅಲ್ವಾ. ಎರಡೂವರೆಯಿಂದ ನಾಲ್ಕೂವರೆ ವರ್ಷದೊಳಗಿನ ಮರಿಯಾದರೆ ಬಾಯಿ ತೆರೆಸಿ ನೋಡಿ, ಮುಂದಿನ ಹಾಲುಹಲ್ಲು ಬಿದ್ದು ಹೊಸದು ಬರುವ ವಯಸ್ಸು ಅದು.

ಇಷ್ಟಾದರೂ ಮರಕ್ಕೆ ಕಾವಲು ಬೇಕೇ ಬೇಕು, ಯಾಕೆಂದರೆ ಅಭ್ಯಾಸ ಒಂದು ದಿನಕ್ಕೆ ಬಿಡಲ್ಲ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ, ಹಾಗಾಗಿ ಸುತ್ತಲೂ ಬಳೆಯ ಹಾಗೆ ಸುಲಿದುಬಿಟ್ಟರೆ ಎಷ್ಟೇ ದೊಡ್ಡ ಮರವಾದರೂ ನಿಧಾನವಾಗಿ ಸಾಯುತ್ತದೆ. ನಾಲ್ಕೈದು ಮರವಿದ್ದರೆ ಒಂದೊಂದಕ್ಕೂ ಸಣ್ಣ ಕಣ್ಣಿನ ಗಟ್ಟಿ ತಂತಿ ಬಲೆ ಸುತ್ತಿ. ಎತ್ತರ ಎಂಟು ಅಡಿಯಾದರೂ ಇರಲಿ, ಕತ್ತು ನೀಟಿದರೆ ಎಲ್ಲಿಗೆ ತಲುಪುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ. ಮೊಳೆ ಹೊಡೆಯಬೇಡಿ, ತಂತಿಯ ತುದಿಗಳನ್ನೆಲ್ಲ ಒಳಕ್ಕೆ ಮಡಚಿ, ವರ್ಷಕ್ಕೊಮ್ಮೆ ಬಿಚ್ಚಿ ಸಡಿಲ ಮಾಡಿ. ನಾನು ಒಂದನ್ನು ಮರೆತೆ, ಬಲೆ ಕಾಂಡದೊಳಗೇ ಹೂತುಹೋಗಿತ್ತು. ಮುಳ್ಳುತಂತಿ ಸುತ್ತುವ ಯೋಚನೆಯೇ ಬೇಡ, ಕಣ್ಣು ಹೋದೀತು.

ಜಾಗ ಇದ್ದರೆ ಮರದಿಂದ ಏಳೆಂಟು ಅಡಿ ಬಿಟ್ಟು ಸುತ್ತ ಬೇಲಿ ಹಾಕುವುದೇ ನನಗೆ ಇಷ್ಟ. ನೆರಳಿಗೆ ಎಲ್ಲ ಕುದುರೆಗಳೂ ಒಂದೇ ಮರದಡಿ ನಿಂತು ನಿಂತು ಮಣ್ಣು ಕಲ್ಲಿನಂತಾಗಿ ಬೇರು ಉಸಿರಾಡದ ಹಾಗಾಗುತ್ತದೆ, ತೊಗಟೆ ಉಳಿಸಿದರೂ ಮರ ಒಣಗಬಹುದು. ಆ ತೊಂದರೆಯೂ ಬೇಲಿಯಿಂದ ತಪ್ಪುತ್ತದೆ.

ಇನ್ನು ಬೇಲಿಯ ಹತ್ತಿರ ಕಣಗಿಲೆ ಇದ್ದರೆ ಇವತ್ತೇ ಬುಡಸಮೇತ ಕಿತ್ತುಹಾಕಿ, ಒಣಗಿದ ಎಲೆಯೂ ಕುದುರೆಯನ್ನು ಕೊಲ್ಲುತ್ತದೆ. ಕಚ್ಚುವ ಚಪಲಕ್ಕೆ ಔಷಧಿ ಹೊಡೆಯದ ಸೇಬಿನ ಕೊಂಬೆಯನ್ನೋ ವಿಲ್ಲೋ ಕೊಂಬೆಯನ್ನೋ ಕಡಿದು ನೆಲಕ್ಕೆ ಹಾಕಿ. ನಮ್ಮಲ್ಲಿ ಅರ್ಧ ದಿನದಲ್ಲಿ ಬೆಳ್ಳಗೆ ಸುಲಿದಿಟ್ಟಿರುತ್ತವೆ, ಆಮೇಲೆ ಮರದ ಕಡೆ ತಿರುಗಿಯೂ ನೋಡಲ್ಲ.