ಬರೆಯದೆ ಬಿಟ್ಟ ಮೂರು ಸಾಲು

ಅವರು ಅಡಿಕೆ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು. 2017ರ ಕೊಯ್ಲಿನಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟದಲ್ಲಿ ಮರದಿಂದ ಬಿದ್ದು ಬಲತೋಳಿನ ಮೂಳೆ ಮುರಿದುಕೊಂಡಿದ್ದರು. ಮೂಳೆಗೆ ಪ್ಲೇಟ್ ಹಾಕಿಸಿ ಆಗಿತ್ತು. ಆದರೆ ಆ ಮೂಳೆಯನ್ನು ಬಳಸಿಕೊಂಡು ಇಳಿಯುವ ರೇಡಿಯಲ್ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬಿದ್ದಿತ್ತು. ಕೈ ಮುಂದೆ ಚಾಚಿದರೆ ಹಸ್ತ ಬಾಡಿದ ವೀಳ್ಯದೆಲೆಯ ಹಾಗೆ ಕೆಳಗೆ ಬೀಳುತ್ತಿತ್ತು. ಬೆರಳು ಮಡಚಲು ಬರುತ್ತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಶಿವಮೊಗ್ಗದಲ್ಲಿರುವ ನನ್ನ ಕ್ಲಿನಿಕ್ಕಿಗೆ ಹೆಂಡತಿ, ಮಗನ ಜೊತೆ ಬಂದಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಮರ ಹತ್ತೋಕೆ ಆಗ್ತದಾ ಮೇಡಂ?"

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎಂದು ಬರೆದರೆ ಜನ ಕೆಲಸ ಕೊಡಿಸುವ ಕಚೇರಿ ಅಂದುಕೊಳ್ಳುತ್ತಾರೆ, ಓ.ಟಿ. ಅಂದರೆ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ. ಊಟ, ಸ್ನಾನ, ಬಟ್ಟೆ, ಬರವಣಿಗೆ, ಹೊಟ್ಟೆಪಾಡಿನ ಕೆಲಸ, ಇವುಗಳಲ್ಲಿ ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈತಪ್ಪಿದ್ದನ್ನು ಮತ್ತೆ ಕೈಗೆ ಹತ್ತಿಸುವುದು ನಮ್ಮ ಕಸುಬು. ಮರ ಹತ್ತುವುದರ ಬಗ್ಗೆ ಅವರು ಕೇಳಿದ ಪ್ರಶ್ನೆ ನನ್ನ ಪಾಲಿಗೆ ಅತ್ಯಂತ ಸರಿಯಾದ ಪ್ರಶ್ನೆಯೇ ಆಗಿತ್ತು.

ಅಂದು ಅವರಿಗೆ ಮಣಿಕಟ್ಟಿಗೆ ಆಸರೆಯಾಗುವ ಕಾಕ್‌ಅಪ್ ಸ್ಪ್ಲಿಂಟ್ ಮಾಡಿದೆ. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮಣಿಕಟ್ಟನ್ನು ಸ್ವಲ್ಪ ಮೇಲಕ್ಕೆ ಎತ್ತಿಹಿಡಿದು, ಅಂಗೈ ಮತ್ತು ಮುಂಗೈಗೆ ಒತ್ತಿ ಅಚ್ಚು ತೆಗೆಯುವುದು. ನರ ಚೇತರಿಸಿಕೊಳ್ಳುವವರೆಗೆ ಜೋತುಬಿದ್ದ ಸ್ನಾಯುಗಳು ಎಳೆದು ಸಡಿಲವಾಗದ ಹಾಗೆ ಅದು ಕಾಯುತ್ತದೆ. ಹೇಗೆ ಕಟ್ಟಬೇಕು, ಯಾವಾಗ ಬಿಚ್ಚಬೇಕು, ಚರ್ಮ ಕೆಂಪಾದರೆ ಏನು ಮಾಡಬೇಕು, ಎಲ್ಲ ಹೇಳಿದೆ. ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಕಡತದಲ್ಲಿ ಬರೆದದ್ದು ಮಾತ್ರ ಇಷ್ಟು: "ಸ್ಪ್ಲಿಂಟ್ ಗಿವನ್. ಪ್ರಿಕಾಷನ್ಸ್ ಎಕ್ಸ್‌ಪ್ಲೇನ್ಡ್."

ಒಂಬತ್ತನೇ ದಿನ ವಾಪಸ್ ಬಂದರು. ಹೆಬ್ಬೆರಳಿನ ಬುಡದಲ್ಲಿ, ಹಸ್ತದ ಹಿಂಬದಿಗೆ, ಸ್ಪ್ಲಿಂಟಿನ ಅಂಚು ತಾಗುವ ಕಡೆ ಒಂದು ರೂಪಾಯಿ ನಾಣ್ಯದಷ್ಟು ಹುಣ್ಣು. ಸುತ್ತ ಕೆಂಪು, ನಡುವೆ ಹಸಿ. "ನೋವೇ ಆಗಲಿಲ್ಲ ಮೇಡಂ, ವಾಸನೆ ಬಂದ ಮೇಲೆ ಗೊತ್ತಾಯ್ತು" ಅಂದರು. ನೋವಾಗುವುದಾದರೂ ಹೇಗೆ? ರೇಡಿಯಲ್ ನರ ಸ್ಪರ್ಶಜ್ಞಾನ ಕೊಡುವ ಜಾಗವೇ ಅದು. ನರ ಸುಮ್ಮನಾದ ಕಡೆ ಚರ್ಮ ದೂರು ಹೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಹತ್ತಿಯಿಂದ ಸವರಿ ಪರೀಕ್ಷೆಯನ್ನೂ ಮಾಡಿದ್ದೆ, ಬರೆದಿಟ್ಟಿರಲಿಲ್ಲ.

ಎರಡು ದಿನ ಬಿಟ್ಟು ಮಗ ಬಂದ. ಜೊತೆಯಲ್ಲಿ ಅವರ ಊರಿನವರೇ ಆದ ಒಬ್ಬ ವಕೀಲರು. ಕೂಗಾಟ ಏನೂ ಇರಲಿಲ್ಲ. ಕಡತ ಕೇಳಿದರು, ಕೊಟ್ಟೆ. ವಕೀಲರು ಎರಡು ಸಲ ಓದಿ ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟರು. "ಮೇಡಂ, ನೀವು ಹೇಳಿರಬಹುದು. ಇದರಲ್ಲಿ ಇಲ್ಲವಲ್ಲ." ನಕಲು ಮಾಡಿಸಿಕೊಡಲು ಮರುದಿನದವರೆಗೆ ಸಮಯ ಕೇಳಿದೆ.

ಆ ರಾತ್ರಿ ಕ್ಲಿನಿಕ್ಕಿನಲ್ಲಿ ಒಬ್ಬಳೇ ಕೂತಿದ್ದೆ. ಕಡತ ಎದುರಿಗೆ, ಅದೇ ನೀಲಿ ಪೆನ್ನು ಕೈಯಲ್ಲಿ. "ಎಕ್ಸ್‌ಪ್ಲೇನ್ಡ್" ಎಂಬ ಪದದ ಮುಂದೆ ಅರ್ಧ ಸಾಲು ಖಾಲಿ ಇತ್ತು. ಅಲ್ಲಿ ನಾಲ್ಕು ಮಾತು ಸೇರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮೇಲಾಗಿ ಆ ನಾಲ್ಕು ಮಾತೂ ಸತ್ಯವೇ. ಅದೇ ನನ್ನನ್ನು ಹೆಚ್ಚು ಕಾಡಿದ್ದು. ನಡೆದದ್ದನ್ನೇ ಬರೆಯುವುದರಲ್ಲಿ ತಪ್ಪೇನು ಎಂದು ಮನಸ್ಸು ವಾದ ಮಾಡುತ್ತಲೇ ಇತ್ತು. ಆದರೆ ಆ ಪುಟದ ಮೇಲಿದ್ದ ತಾರೀಖಿನಂದು ನಾನು ಅದನ್ನು ಬರೆದಿರಲಿಲ್ಲ. ಹಳೆಯ ತಾರೀಖಿನ ಕೆಳಗೆ ಹೊಸ ಮಾತು ಸೇರಿಸಿದರೆ ಮಾತು ನಿಜವಾದರೂ ಪುಟ ಸುಳ್ಳಾಗುತ್ತದೆ. ಹೊಸ ಪುಟ ತೆಗೆದು, ಆ ದಿನದ ತಾರೀಖು ಮತ್ತು ಗಂಟೆ ಹಾಕಿ, "ತಡವಾಗಿ ಬರೆದದ್ದು" ಎಂದು ಮೇಲೆ ಸೂಚಿಸಿ, ನೆನಪಿದ್ದುದನ್ನು ಬರೆದೆ. ಎಲ್ಲಿ ನೆನಪು ಗಟ್ಟಿಯಿಲ್ಲವೋ ಅಲ್ಲಿ ನೆನಪಿಲ್ಲ ಎಂದೇ ಬರೆದೆ. ಮರುದಿನ ಆ ಪುಟವನ್ನೂ ಸೇರಿಸಿ ನಕಲು ಕೊಟ್ಟೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರಿಗೆ 2002ರ ವೃತ್ತಿನಡತೆ ನಿಯಮಾವಳಿ ಹೇಳುತ್ತದೆ. ಅದು ನನ್ನ ವೃತ್ತಿಗೆ ಬರೆದದ್ದಲ್ಲ. ಆದರೂ ಅದನ್ನೇ ನನ್ನ ನಿಯಮ ಮಾಡಿಕೊಂಡಿದ್ದೇನೆ.

ಹುಣ್ಣಿಗೆ ಸರ್ಜನ್ ಹತ್ತಿರ ಕಳಿಸಿದೆ, ಸ್ಪ್ಲಿಂಟ್ ಬಿಚ್ಚಿಸಿ ಅಂಚನ್ನು ಹೊರಕ್ಕೆ ಮಡಚಿ ಹೊಸದು ಮಾಡಿಕೊಟ್ಟೆ. ಮೂರು ವಾರದಲ್ಲಿ ಮಾಯಿತು. ಅವರು ಗ್ರಾಹಕರ ವೇದಿಕೆಗೆ, ಅಂದರೆ ಈಗಿನ ಗ್ರಾಹಕರ ಆಯೋಗಕ್ಕೆ, ಹೋಗಲಿಲ್ಲ. ಹೋಗಿದ್ದರೆ ನನ್ನ ಪಕ್ಕದಲ್ಲಿ ನಿಲ್ಲಲು ಯಾರೂ ಇರಲಿಲ್ಲ, ಏಕೆಂದರೆ ಚಿಕಿತ್ಸೆಯ ಬಗ್ಗೆ ದೂರು ಬಂದಾಗ ನೆರವಾಗುವ ವೃತ್ತಿ ಹೊಣೆಗಾರಿಕೆ ವಿಮೆ ಆಗ ನನಗೆ ಇರಲಿಲ್ಲ.

ಆ ಎರಡು ವಾಕ್ಯದ ನೋಟು ಬರೆಯುವ ಅಭ್ಯಾಸ ನನಗೆ ಬಂದದ್ದು ಎಲ್ಲಿಂದ ಎಂದು ಆಮೇಲೆ ಬಹಳ ಯೋಚಿಸಿದೆ. ಸ್ವಂತ ಕ್ಲಿನಿಕ್ ತೆರೆಯುವ ಮೊದಲು ನಾನಿದ್ದ ಒಂದು ಆಸ್ಪತ್ರೆಯಲ್ಲಿ ದಿನಕ್ಕೆ ಹದಿನಾಲ್ಕು ರೋಗಿಗಳು. ನೋಟನ್ನು ಬೆಳಿಗ್ಗೆಯೇ ಬರೆದಿಡಬೇಕಿತ್ತು, ಚಿಕಿತ್ಸೆ ಆಮೇಲೆ. ಇಪ್ಪತ್ತು ನಿಮಿಷ ಮಾಡಿದರೂ ಬಿಲ್ಲಿಗಾಗಿ ನಲವತ್ತೈದು ಎಂದು ಬರೆಯಿರಿ ಅನ್ನುತ್ತಿದ್ದರು. ಒಂದಷ್ಟು ದಿನ ನಾನೂ ಬರೆದಿದ್ದೇನೆ. ಒಂದು ದಿನ, ಬೆಳಿಗ್ಗೆಯೇ "ಸಹಕರಿಸಿದರು, ಸುಧಾರಣೆ ಇದೆ" ಎಂದು ಬರೆದಿಟ್ಟಿದ್ದ ಅಜ್ಜಿಯೊಬ್ಬರು ಮಧ್ಯಾಹ್ನ ಜ್ವರ ಬಂದು ಐ.ಸಿ.ಯು. ಸೇರಿದ್ದರು. ಚಿಕಿತ್ಸೆಯೇ ನಡೆಯದ ದಿನದ ಸುಧಾರಣೆ ನನ್ನ ಸಹಿಯೊಂದಿಗೆ ಕಡತದಲ್ಲಿತ್ತು. ಆ ಕೆಲಸ ಬಿಟ್ಟೆ. ಕೆಲಸ ಬಿಟ್ಟರೂ ಕೈಗೆ ಅಂಟಿದ್ದ ಅವಸರ ಬಿಟ್ಟಿರಲಿಲ್ಲ.

ಈಗ ನಾನು ಸ್ಪ್ಲಿಂಟ್ ಕೊಟ್ಟ ದಿನ ಮೂರು ಸಾಲು ತಪ್ಪದೆ ಬರೆಯುತ್ತೇನೆ. ಸ್ಪರ್ಶ ಎಲ್ಲಿ ಕಡಿಮೆಯಿದೆ, ಹತ್ತಿ ಸವರಿದಾಗ ಏನು ಹೇಳಿದರು ಎಂಬುದು ಒಂದು. ಕ್ಲಿನಿಕ್ಕಿನಲ್ಲೇ ಅರ್ಧ ಗಂಟೆ ಹಾಕಿಸಿ ಕೂರಿಸಿ ಬಿಚ್ಚಿದಾಗ ಚರ್ಮ ಹೇಗಿತ್ತು, ಕೆಂಪು ಎಷ್ಟು ಹೊತ್ತಿಗೆ ಇಳಿಯಿತು ಎಂಬುದು ಇನ್ನೊಂದು. ಯಾರಿಗೆ, ಯಾವ ಭಾಷೆಯಲ್ಲಿ ಹೇಳಿದೆ, ಅವರು ಅದನ್ನು ತಿರುಗಿ ಹೇಳಿ ತೋರಿಸಿದರೇ ಎಂಬುದು ಮೂರನೆಯದು. ಈ ಮೂರನೆಯದರಲ್ಲೇ ನಾನು ಅಂದು ಸೋತದ್ದು. ನಾನು ಹೇಳಿದ್ದು ಕೊನೆಗಾರರಿಗೆ. ಒಂದೇ ಕೈಯಲ್ಲಿ ಪಟ್ಟಿ ಕಟ್ಟಿಕೊಳ್ಳಲು ಆಗದವರಿಗೆ ದಿನವೂ ಕಟ್ಟುತ್ತಿದ್ದವರು ಹೆಂಡತಿ. ಅವರು ಅವತ್ತು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ನೋಟಿನ ಭಾಷೆಯೂ ಬದಲಾಯಿತು. ಇಂಗ್ಲಿಷಿನಲ್ಲೇ ಬರೆಯುತ್ತೇನೆ, ಬೇರೆ ವೈದ್ಯರು ಓದಬೇಕಲ್ಲ. ಆದರೆ ರೋಗಿಯ ಮಾತನ್ನು ಕನ್ನಡದಲ್ಲಿ, ಅವರು ಆಡಿದ ಹಾಗೆಯೇ ಬರೆಯುತ್ತೇನೆ. "ಹಿಡಿತ ಸುಧಾರಿಸಿದೆ" ಎಂದು ಬರೆಯುವುದನ್ನು ನಿಲ್ಲಿಸಿದ್ದೇನೆ. "ಅರ್ಧ ಲೀಟರ್ ನೀರಿರುವ ಚೊಂಬನ್ನು ಬಲಗೈಯಲ್ಲಿ ಎತ್ತಿ ಬಾಯಿವರೆಗೆ ತಂದರು, ಎರಡನೇ ಸಲ ಮಣಿಕಟ್ಟು ಜಾರಿತು" ಎಂದು ಬರೆದರೆ ಆರು ವಾರದ ನಂತರ ನನಗೇ ದಾರಿ ಕಾಣುತ್ತದೆ. ಚಿಕಿತ್ಸೆ ಮುಗಿದ ಕೂಡಲೇ ಬರೆಯುತ್ತೇನೆ. ಅದಕ್ಕಾಗಿ ದಿನಕ್ಕೆ ಎಂಟು ಜನರಿಗಿಂತ ಹೆಚ್ಚು ನೋಡುವುದಿಲ್ಲ. ಇದರಿಂದ ಆದಾಯಕ್ಕೆ ಹೊಡೆತ ಬಿತ್ತು, ಅದು ನಿಜ.

ವಿಮೆಯ ವಿಷಯ ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾನು 2018ರಲ್ಲಿ ಪಾಲಿಸಿ ಮಾಡಿಸಿದೆ. ನಮ್ಮಲ್ಲಿ ಸಿಗುವ ವೃತ್ತಿ ಹೊಣೆಗಾರಿಕೆ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮ್ಸ್ ಮೇಡ್ ರೀತಿಯವು. ಅಂದರೆ ಘಟನೆ ನಡೆದ ವರ್ಷ ಪಾಲಿಸಿ ಇದ್ದರೆ ಸಾಲದು, ದೂರು ಬಂದ ದಿನವೂ ಅದು ಜೀವಂತವಾಗಿರಬೇಕು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ ಇದೆ. ಇವತ್ತಿನ ಸ್ಪ್ಲಿಂಟಿನ ದೂರು ಮುಂದಿನ ವರ್ಷ ಬರಬಹುದು. ನಡುವೆ ಒಂದು ವರ್ಷ ನವೀಕರಣ ತಪ್ಪಿಸಿದರೆ, ಪಾಲಿಸಿಯಲ್ಲಿ ಬರೆದಿರುವ ರೆಟ್ರೋಆಕ್ಟಿವ್ ಡೇಟ್, ಅಂದರೆ ಯಾವ ದಿನದಿಂದೀಚಿನ ಘಟನೆಗಳಿಗೆ ರಕ್ಷಣೆ ಇದೆಯೋ ಆ ತಾರೀಖು, ಕಳೆದುಹೋಗಿ ಹಿಂದಿನ ವರ್ಷಗಳ ರಕ್ಷಣೆಯೇ ಹೋಗಬಹುದು. ಪ್ರೀಮಿಯಮ್ಮಿನ ದರ ನೋಡುವ ಮೊದಲು ಈ ಒಂದು ತಾರೀಖನ್ನು ನೋಡಿ.

ಇನ್ನೊಂದು ಷರತ್ತು ನನ್ನನ್ನು ಯೋಚನೆಗೆ ಹಚ್ಚಿತು. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಎಂದಿರುತ್ತದೆ. ಹಾಗಾದರೆ ರೋಗಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕೇ? ನಾನು ಕಂಡುಕೊಂಡದ್ದು ಹೀಗೆ: ಏನಾಯಿತು, ಯಾಕಾಯಿತು, ಈಗ ಏನು ಮಾಡಬೇಕು, ಇದನ್ನು ಅಂದೇ ಪೂರ್ತಿ ಹೇಳುತ್ತೇನೆ. ಹುಣ್ಣು ಸ್ಪ್ಲಿಂಟಿನ ಅಂಚಿನಿಂದ ಆಯಿತು ಎನ್ನುವುದು ಅವರ ದೇಹದ ವಿಷಯ, ಅದನ್ನು ತಿಳಿಯುವ ಹಕ್ಕು ಅವರದು. ಹಣ, ಪರಿಹಾರದ ಮಾತು ಬಂದರೆ ಮಾತ್ರ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ ಅವರ ಉತ್ತರಕ್ಕೆ ಕಾಯುತ್ತೇನೆ.

ರೋಗಿಗಳ ವಿಮೆ ಬೇರೆಯೇ ಒತ್ತಡ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಯೋಜನೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಅದರೊಳಗೆ ಥೆರಪಿಗೂ ಒಂದು ಪಾಲು. ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇರುವುದಿಲ್ಲ, ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ಆದರೆ ತಿಂಗಳ ಕೊನೆಗೆ "ಏಳು ಸಲ ಬಂದಿದ್ದೀವಿ, ಹನ್ನೆರಡು ಅಂತ ಬರೆದುಕೊಡಿ" ಅನ್ನುವವರು ಇದ್ದಾರೆ. ಖಾಸಗಿ ಪಾಲಿಸಿಯವರು ಆಕ್ಯುಪೇಷನಲ್ ಥೆರಪಿ ಎಂದರೆ ತಿರಸ್ಕರಿಸುತ್ತಾರೆ, "ಫಿಸಿಯೋಥೆರಪಿ ಅಂತಲೇ ಹಾಕಿ" ಅನ್ನುವವರೂ ಇದ್ದಾರೆ. ಭದ್ರಾವತಿಯಿಂದ ಬಸ್ಸಿನಲ್ಲಿ ಮಗುವನ್ನು ಹೊತ್ತು ತರುವ ತಾಯಿ ಹಾಗೆ ಕೇಳಿದಾಗ ಇಲ್ಲ ಅನ್ನುವುದು ಸುಲಭವಲ್ಲ. ಬಿಲ್ಲಿನಲ್ಲಿ ಒಂದಕ್ಷರ ಬದಲಿಸುವುದಿಲ್ಲ. ಅದರ ಬದಲು ವೈದ್ಯರ ಸಲಹಾ ಚೀಟಿ, ಹಾಜರಾತಿ, ಈ ಚಿಕಿತ್ಸೆ ಏಕೆ ಬೇಕಾಯಿತು ಎಂಬ ಒಂದು ಪುಟದ ಪತ್ರ, ಮೂರನ್ನೂ ಜೋಡಿಸಿಕೊಡುತ್ತೇನೆ. ತಿರಸ್ಕಾರವಾದರೆ ಮೇಲ್ಮನವಿಯನ್ನೂ ನಾನೇ ಕೂತು ಬರೆದುಕೊಡುತ್ತೇನೆ. ಕೆಲವು ಒಪ್ಪಿಗೆಯಾಗಿವೆ, ಕೆಲವು ಇಲ್ಲ.

ಇನ್ನು ನೋಂದಣಿ. ಪೋಷಕರು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಆರ್.ಸಿ.ಐ. ನಂಬರ್ ಎಷ್ಟು?" ಕೇಳುವುದು ಒಳ್ಳೆಯದೇ. ಆದರೆ ಆರ್.ಸಿ.ಐ., ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಡಿ ವಿಶೇಷ ಶಿಕ್ಷಕರು, ವಾಕ್-ಶ್ರವಣ ತಜ್ಞರು ಮೊದಲಾದವರು ಬರುತ್ತಾರೆ, ನಾವು ಬರುವುದಿಲ್ಲ. ದೆಹಲಿಯಲ್ಲಿ ನಮ್ಮ ವೃತ್ತಿಗೆ 1997ರ ಕಾಯ್ದೆ ಇತ್ತು, ಮಹಾರಾಷ್ಟ್ರದಲ್ಲೂ ರಾಜ್ಯ ಪರಿಷತ್ತು ಬಂತು, ಅಲ್ಲಿಯ ಗೆಳತಿಯರ ಗೋಡೆಯ ಮೇಲೆ ನೋಂದಣಿ ಪತ್ರ ತೂಗುತ್ತಿತ್ತು. ನನ್ನ ಗೋಡೆಯ ಮೇಲೆ ಪದವಿ ಪತ್ರ ಮತ್ತು 1952ರಿಂದ ಇರುವ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘದ ಸದಸ್ಯತ್ವ. ಸಂಘದ ಸದಸ್ಯತ್ವ ಸರ್ಕಾರಿ ಲೈಸೆನ್ಸ್ ಅಲ್ಲ, ಕೇಳಿದವರಿಗೆ ಹಾಗೆಯೇ ಹೇಳುತ್ತಿದ್ದೆ. ಕೆ.ಪಿ.ಎಂ.ಇ., ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ, ಜಾಗಕ್ಕೆ ಸಂಬಂಧಿಸಿದ್ದು, ಅದು ವ್ಯಕ್ತಿಯ ಅರ್ಹತೆಗೆ ಮುದ್ರೆಯಲ್ಲ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದು, ದೇಶಕ್ಕೆಲ್ಲ ಒಂದೇ ನೋಂದಣಿಯ ದಾರಿಗೆ ನಮ್ಮ ವೃತ್ತಿಯನ್ನೂ ತಂದಿತು. ಸಂಸತ್ತಿನಲ್ಲಿ ಅದು ಅಂಗೀಕಾರವಾದ ದಿನ ನಾವು ನಾಲ್ಕು ಜನ ಸಹಪಾಠಿಗಳು ಫೋನಿನಲ್ಲಿ ಅತ್ತಿದ್ದೆವು. ವಾರಾಂತ್ಯದ ತರಬೇತಿಯ ಸರ್ಟಿಫಿಕೇಟ್ ಹಿಡಿದು "ಸೆನ್ಸರಿ ಥೆರಪಿ, ಆಟಿಸಂ ಗುಣಪಡಿಸುತ್ತೇವೆ" ಎಂದು ಬೋರ್ಡು ಹಾಕಿದವರ ಹತ್ತಿರ ವರ್ಷಗಟ್ಟಲೆ ಹಣ ಸುರಿದು, ಕೊನೆಗೆ ನಮ್ಮ ಬಾಗಿಲಿಗೆ ಬರುವ ತಂದೆತಾಯಿಯ ಮುಖ ಕಂಡವರಿಗೆ ಆ ಅಳು ಅರ್ಥವಾಗುತ್ತದೆ.

ಮಕ್ಕಳ ವಿಡಿಯೋ ಬಗ್ಗೆಯೂ ಒಂದು ಮಾತು. ಮೊದಲೆಲ್ಲ, ಮಗು ಮೊದಲ ಸಲ ಗುಂಡಿ ಹಾಕಿಕೊಂಡ ವಿಡಿಯೋವನ್ನು ತಾಯಿಯ ಬಾಯಿಮಾತಿನ ಒಪ್ಪಿಗೆ ಪಡೆದು ಸ್ಟೇಟಸ್‌ಗೆ ಹಾಕುತ್ತಿದ್ದೆ. ಈಗ ಎಲ್ಲ ಅಳಿಸಿದ್ದೇನೆ. ಆ ಮಗು ಹದಿನೈದು ವರ್ಷದ ಹುಡುಗಿಯಾದಾಗ ಅದನ್ನು ನೋಡಲು ಒಪ್ಪುತ್ತಿದ್ದಳೇ ಎಂದು ಯಾರೂ ಕೇಳಿರಲಿಲ್ಲ. ಮಕ್ಕಳ ಕಡತಗಳನ್ನು ಮಾತ್ರ ಅವರಿಗೆ 18 ತುಂಬಿ ಮೂರು ವರ್ಷ ಆಗುವವರೆಗೂ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ.

ಕೊನೆಗಾರರ ನರ ನಿಧಾನವಾಗಿ ಚಿಗುರಿತು. ಐದನೇ ತಿಂಗಳಲ್ಲಿ ಮಣಿಕಟ್ಟು ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ನಾನು ಸ್ಪ್ಲಿಂಟಿನ ಸೂಚನೆಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದು ಹಾಳೆ ಮಾಡಿದ್ದೆ. ಅದನ್ನು ಮೊದಲು ಕೊಟ್ಟಿದ್ದು ಅವರ ಹೆಂಡತಿಗೆ, ಎದುರಿಗೆ ಕೂರಿಸಿಕೊಂಡು. ಅವರು ನಿಧಾನವಾಗಿ ಪೂರ್ತಿ ಓದಿ, "ಇದರಲ್ಲಿ ಒಂದಿಲ್ಲ ಅಕ್ಕ" ಅಂದರು. "ತೋಟದಲ್ಲಿ ಬೆವರಿದ್ರೆ ಬಿಚ್ಚಿ ಒರೆಸಿ ಕಟ್ಟಬೇಕು. ಅವತ್ತು ಒಳಗೆಲ್ಲ ಒದ್ದೆಯಾಗಿತ್ತು." ಆ ಹಾಳೆಯ ಆರನೆಯ ಸಾಲು ಅವರದು.