ದುರ್ಗದ ಪೇಟೆ ನೋಡಬೇಕೇ? ನೀರು ಇಳಿದ ದಾರಿ ಹಿಡಿಯಿರಿ

ಚಿತ್ರದುರ್ಗಕ್ಕೆ ಬಂದವರಲ್ಲಿ ಬಹಳ ಮಂದಿ ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹಿಡಿಯುತ್ತಾರೆ. ಕೆಳಗಿನ ಪೇಟೆಯೂ ಕೋಟೆಯದೇ ಭಾಗ. ಅದನ್ನು ನೋಡಲು ಮಳೆನೀರಿನ ದಾರಿಯಷ್ಟು ಸಲೀಸಾದ್ದು ಬೇರೆ ಇಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಕೋಡಿ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ನೀವೂ ಇದೇ ಕ್ರಮದಲ್ಲಿ ಇಳಿಯಿರಿ. ಉಲ್ಟಾ ಹೊರಟರೆ ನೆತ್ತಿ ಸುಡುವ ಹೊತ್ತಿಗೆ ಬಂಡೆ ಹತ್ತಬೇಕಾಗುತ್ತದೆ.

ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ. ತಲಾ ಒಂದೂವರೆ ಲೀಟರ್ ನೀರು ಇರಲಿ, ಚಪ್ಪಲಿಗಿಂತ ಶೂ ವಾಸಿ. ತಿಂಡಿ ಕೈಯಲ್ಲಿ ಹಿಡಿದರೆ ಕೋತಿಗಳು ಬಿಡುವುದಿಲ್ಲ, ಚೀಲದೊಳಗಿರಲಿ.

ಮೊದಲ ಬಾಗಿಲಲ್ಲೇ ಹತ್ತು ನಿಮಿಷ ನಿಲ್ಲಿ. ಗೋಡೆಯ ಹಾವಿನ ಕೆತ್ತನೆಯನ್ನು ಎಲ್ಲರೂ ನೋಡುತ್ತಾರೆ, ನೀವು ಹೊಸ್ತಿಲ ಕಡೆ ಬಗ್ಗಿ ನೋಡಿ. ಕದ ತಿರುಗುತ್ತಿದ್ದ ದುಂಡು ಕುಳಿ, ಅದರ ನೇರಕ್ಕೆ ಮೇಲಿನ ಕಲ್ಲಿನಲ್ಲಿ ಅಂಥದೇ ಇನ್ನೊಂದು ಕುಳಿ, ಅಕ್ಕಪಕ್ಕದ ಗೋಡೆಯಲ್ಲಿ ಅಗುಳಿ ತೂರಿಸುವ ಚೌಕ ತೂತು. ಈ ಮೂರನ್ನು ಗುರುತು ಹಿಡಿದರೆ ಕದವೇ ಇಲ್ಲದ ಬಾಗಿಲೂ ಅರ್ಥವಾಗುತ್ತದೆ.

ಕಲ್ಲಿನ ವಯಸ್ಸಿಗೂ ಒಂದು ಲೆಕ್ಕ ಇದೆ. ಅಂಚಿನಲ್ಲಿ ಸಾಲಾಗಿ ಗೇಣುದ್ದಕ್ಕಿಂತ ಚಿಕ್ಕ ಚೌಕ ಗುರುತುಗಳಿದ್ದರೆ ಬೆಣೆ ಹೊಡೆದು ಸೀಳಿದ ಕಲ್ಲು. ಕೊಳವೆಯನ್ನು ಉದ್ದಕ್ಕೆ ಸೀಳಿದಂತೆ ನೀಳ ಗೀರಿದ್ದರೆ ಡ್ರಿಲ್ ಮಷಿನ್ನಿನ ಕಾಲದ್ದು. ಪೇಟೆಗೆ ಇಳಿದ ಮೇಲೆ ಮನೆಗಳ ತಳಪಾಯದಲ್ಲೂ ಇದನ್ನೇ ಹುಡುಕಿ. ಆದರೆ ಬೆಣೆ ಗುರುತು ಕಂಡ ಮಾತ್ರಕ್ಕೆ ಕೋಟೆ ಕಲ್ಲೇ ಎನ್ನಬೇಡಿ, ಕಲ್ಲುಕುಟಿಗರು ಬೆಣೆಯನ್ನು ಮೊನ್ನೆ ಮೊನ್ನೆಯವರೆಗೂ ಬಳಸಿದ್ದಾರೆ.

ದೊಡ್ಡಪೇಟೆ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅಂಗಡಿ ಬೋರ್ಡಿನ ಮೇಲಕ್ಕೆ ಕಣ್ಣೆತ್ತಿ. ಕೆಳಗೆ ರೋಲಿಂಗ್ ಶಟರ್, ಮೇಲೆ ಹಳೇ ಮರದ ತೊಲೆಯ ತುದಿ ಕಾಣಬಹುದು. ಬಾಗಿಲ ಪಕ್ಕದ ಗೋಡೆ ಒಂದು ಮೊಳಕ್ಕಿಂತ ದಪ್ಪ ಇದ್ದರೆ ಅದು ಹಳೇ ಕಲ್ಲು-ಮಣ್ಣಿನದು ಎನ್ನಬಹುದು. ಇಟ್ಟಿಗೆ ಗೋಡೆ ಸಾಮಾನ್ಯವಾಗಿ 9 ಇಂಚಿಗೇ ಮುಗಿಯುತ್ತದೆ.

ನಮ್ಮ ಬಯಲುಸೀಮೆಯ ಮಾಳಿಗೆ ಮನೆಯ, ಅಂದರೆ ಮಣ್ಣಿನ ಚಪ್ಪಟೆ ಚಾವಣಿಯ ಮನೆಯ, ಕಥೆಯೇ ಬೇರೆ. ತೊಲೆ, ಅದರ ಮೇಲೆ ಅಡ್ಡಡ್ಡ ಜೋಡಿಸಿದ ಸಣ್ಣ ಮರದ ಜಂತೆ, ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದ ಕರ್ಲು ಮಣ್ಣು, ನಡುವೆ ಬೆಳಕಿಗೆ ಗವಾಕ್ಷಿ. ಮಳೆಗಾಲಕ್ಕೆ ಮುಂಚೆ ಕರ್ಲು ಹೊಸದಾಗಿ ಹಾಕಬೇಕು. ಆ ಕೆಲಸ ತಪ್ಪಿಸಿಕೊಳ್ಳಲು ಸಿಮೆಂಟು ಬಳಿದರೆ ಬಿರುಕಿನಲ್ಲಿ ಇಳಿದ ನೀರು ಆರುವುದಿಲ್ಲ, ಒಳಗೊಳಗೇ ಜಂತೆ ಕೊಳೆಯುತ್ತದೆ. ಮಾಳಿಗೆಯ ಮೇಲೆ ತಗಡು ಕಂಡರೆ ಮೂಗು ಮುರಿಯಬೇಡಿ, ಸಿಮೆಂಟಿಗಿಂತ ಅದೇ ಮೇಲು. ಜಗಲಿ ಹತ್ತುವ ಮುಂಚೆ ಕೇಳಿ, ಚಪ್ಪಲಿ ಬಿಡಿ, ಒಳಗಿನ ಫೋಟೊಗೆ ಒಪ್ಪಿಗೆ ಪಡೆಯಿರಿ.

ಎರಡಂತಸ್ತಿನ ಉಚ್ಚಂಗಿಯಮ್ಮನ ಗುಡಿ ನೋಡಿಕೊಂಡು ರಂಗಯ್ಯನ ಬಾಗಿಲಿಗೆ ಬನ್ನಿ. ಪೇಟೆಯ ನಡುವೆಯೇ ಉಳಿದ ಕೋಟೆ ಬಾಗಿಲು ಅದು, ಪಕ್ಕದಲ್ಲೇ ಸರ್ಕಾರಿ ಮ್ಯೂಸಿಯಂ. ಸೋಮವಾರ ಸಾಮಾನ್ಯವಾಗಿ ರಜೆ, ಆ ದಿನ ಬಿಟ್ಟು ಬನ್ನಿ. ಬೆಳಗ್ಗೆ ಮೇಲೆ ಕಂಡ ಕದದ ಕುಳಿಯನ್ನು ಇಲ್ಲೂ ಹುಡುಕಿ. ಸ್ಕೂಟರ್ ಹಾರ್ನಿನ ನಡುವೆ ಬಗ್ಗಿ ನೋಡುವುದು ಸ್ವಲ್ಪ ಕಷ್ಟವೇ, ಹಿಂದೆ ಒಬ್ಬರನ್ನು ಕಾವಲು ನಿಲ್ಲಿಸಿಕೊಳ್ಳಿ.